ಜಾಲಿ ಕಟ್ಟಿಗೆಯ ಬಿರಡೆ

ನನಗೆ ಪಾರಿವಾಳ ಕಂಡರೆ ಆಗುವುದಿಲ್ಲ. ನಮ್ಮ ಓಣಿಯಲ್ಲಿ ಒಬ್ಬರು ಮಾಳಿಗೆಯ ಮೇಲೆ ಸಾಕಿದ್ದಾರೆ. ಬೆಳಿಗ್ಗೆ ಅವೆಲ್ಲ ಒಟ್ಟಿಗೇ ಎದ್ದು ರೆಕ್ಕೆ ಬಡಿದವೆಂದರೆ ನಾನು ಚಹಾದ ಬಟ್ಟಲು ಬಿಟ್ಟು ಒಳಗೆ ಹೋಗುತ್ತೇನೆ. ಮೂಕ ಪ್ರಾಣಿ ನಿಮಗೇನು ಮಾಡಿದವು ಎಂದು ಹೆಂಡತಿ ಕೇಳುವುದಿಲ್ಲ. ಅವಳಿಗೆ ಗೊತ್ತು. ಗೊತ್ತಿಲ್ಲದವರಿಗಾಗಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ಬಳ್ಳಾರಿಯಲ್ಲಿ ಸಿರುಗುಪ್ಪ ರಸ್ತೆಗೆ ನನ್ನದೊಂದು ತಗಡಿನ ಶೆಡ್ಡು ಇತ್ತು. ಲಾರಿ, ಜೀಪು, ಟ್ರ್ಯಾಕ್ಟರು, ಏನು ಬಂದರೂ ಬಿಚ್ಚುತ್ತಿದ್ದೆ. ಬೇರೆ ಮೆಕ್ಯಾನಿಕ್ ಮುಟ್ಟಿದ ಗಾಡಿ ಬಂದರೆ ಮೊದಲು ಅವನಿಗೆ ನಾಲ್ಕು ಬೈದು ಆಮೇಲೆ ಪಾನಾ ಹಿಡಿಯುವುದು ನನ್ನ ಪದ್ಧತಿ. ಅಷ್ಟು ಸೊಕ್ಕು.

ಆ ಸೊಕ್ಕಿಗೆ ಎಣ್ಣೆ ಎರೆದವನು ಡ್ರೈವರ್ ಮಾವ. ರೂಪನಗುಡಿಯವನು, ನನಗಿಂತ ಹದಿನೈದು ವರ್ಷ ದೊಡ್ಡವನು. ರಕ್ತಸಂಬಂಧ ಏನೂ ಇಲ್ಲ. ಮೊದಲ ದಿನವೇ ಅವನು "ಲೇ ಅಳಿಯಾ" ಅಂದ, ನಾನು "ಏನ್ ಮಾವ" ಅಂದೆ, ಅಲ್ಲಿಗೆ ಸಂಬಂಧ ಆಯಿತು. "ನಿನಗ ಕೊಡಾಕ ನನಗ ಮಗಳಿಲ್ಲಲೇ, ಅದಕ್ಕ ಗಾಡಿ ತಂದು ಕೊಡ್ತೀನಿ" ಎಂದು ನಗುತ್ತಿದ್ದ. ನಿಜಕ್ಕೂ ತಂದು ಕೊಡುತ್ತಿದ್ದ. ನನ್ನ ಶೆಡ್ಡಿಗೆ ಬರುತ್ತಿದ್ದ ಗಾಡಿಗಳಲ್ಲಿ ಅರ್ಧ ಅವನ ಬಾಯಿಮಾತಿನಿಂದ ಬಂದವು.

ಮಾವ ಆಗ ಪಾರ್ವತಿನಗರದ ಒಬ್ಬ ಡಾಕ್ಟರ ಕಾರು ಓಡಿಸುತ್ತಿದ್ದ. ಡಾಕ್ಟರು ಕುರುಗೋಡಿನವರು. ಗಲ್ಫಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಬರುವಾಗ ತಮ್ಮ ಕಾರನ್ನೂ ಹಡಗಿಗೆ ಹಾಕಿಸಿಕೊಂಡು ಬಂದಿದ್ದರು. ಸ್ಟೇರಿಂಗು ಎಡಗಡೆ. ಎದುರು ಬರುವ ಬಸ್ಸು ಕಾಣಲು ಮಾವ ಕುತ್ತಿಗೆ ಚಾಚಿ ಚಾಚಿ ಮೊದಲ ವಾರ ಅವನಿಗೆ ಕತ್ತು ಹಿಡಿದುಕೊಂಡಿತ್ತು. ಮಂಗಳವಾರ ಸಿರುಗುಪ್ಪ, ಭಾನುವಾರ ಕುರುಗೋಡು, ಎರಡೂ ಕಡೆ ಡಾಕ್ಟರು ರೋಗಿಗಳನ್ನು ನೋಡಲು ಹೋಗುತ್ತಿದ್ದರು.

ಆ ಕಾರಿಗೆ ಟರ್ಬೋ ಇತ್ತು. ಎಂಜಿನ್ನಿನ ಹೊಗೆ ಹೊರಗೆ ಹೋಗುವಾಗ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಸರಳಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದಷ್ಟೂ ಜೋರು. ಅಂಥ ಎಂಜಿನ್ನನ್ನು ಬಿಸಿ ಇರುವಾಗ ಗಬಕ್ಕನೆ ಆಫ್ ಮಾಡಬಾರದು, ಒಂದು ನಿಮಿಷ ನಿಂತಲ್ಲೇ ಓಡಬೇಕು ಎಂದು ಡಾಕ್ಟರು ಮಾವನಿಗೆ ಹೇಳಿಕೊಟ್ಟಿದ್ದರು. ಮಾವನ ಬಳಿ ಗಡಿಯಾರ ಇರಲಿಲ್ಲ. ಗಾಡಿ ನಿಲ್ಲಿಸಿ, ಕಣ್ಣು ಮುಚ್ಚಿ, ಬೆರಳಿನ ಗೆಣ್ಣು ಎಣಿಸುತ್ತಾ ಐವತ್ತು ಸಲ "ಓಂ ನಮಃ ಶಿವಾಯ" ಹೇಳಿ ಆಮೇಲೆ ಚಾವಿ ತಿರುವುತ್ತಿದ್ದ. ಸಿರುಗುಪ್ಪದ ಹೋಟೆಲಿನ ಮುಂದೆ ಒಗ್ಗರಣೆ ಮಂಡಕ್ಕಿ ತಿನ್ನುವವರು "ಏನಪಾ, ಗಾಡಿಗೆ ಲಿಂಗದೀಕ್ಷೆ ಕೊಡ್ತೀಯೇನು?" ಎಂದು ಕಾಡಿಸಿದರೂ ಅವನು ಒಂದು ಎಣಿಕೆ ಕಡಿಮೆ ಮಾಡಿದವನಲ್ಲ.

ಒಂದು ದಿನ ಕಾರು ಎಳೆಯುವುದು ಬಿಟ್ಟಿತು. ಡಾಕ್ಟರು ಬೆಂಗಳೂರಿಗೆ ಕಳಿಸೋಣ ಎಂದರು. ಮಾವ ಅವರನ್ನೇ ಕೂರಿಸಿಕೊಂಡು ನನ್ನ ಶೆಡ್ಡಿಗೆ ತಂದು ನಿಲ್ಲಿಸಿದ.

"ಸಾಹೇಬ್ರ, ಅಷ್ಟು ದೂರ ಯಾಕ್ರಿ? ಇವನ ಕೈಗೆ ನಾ ಜಾಮೀನು. ಹೆಚ್ಚು ಕಮ್ಮಿ ಆದ್ರ ನನ್ನ ಕೇಳ್ರಿ."

ನಮ್ಮ ಕಡೆ ಜಾಮೀನು ಎಂಬುದು ಬಾಯಿಗೆ ಬಂದಂತೆ ಆಡುವ ಮಾತಲ್ಲ. ಸಂತೆಯಲ್ಲಿ ನಡುವಿನವನು "ಈ ಎತ್ತಿಗೆ ನಾ ಜಾಮೀನು" ಅಂದನೆಂದರೆ, ನಾಳೆ ಆ ಎತ್ತು ಹಾಯ್ದರೂ ಕುಂಟಿದರೂ ಕೊಂಡವನು ಬರುವುದು ಮಾರಿದವನ ಬಾಗಿಲಿಗಲ್ಲ, ಇವನ ಬಾಗಿಲಿಗೆ. ಮಾವ ಆ ಮಾತನ್ನು ನನಗಾಗಿ ಆಡಿದ. ನಾನು ಮೀಸೆ ತಿರುವಿಕೊಂಡೆ.

ಬಾನೆಟ್ಟು ಎತ್ತಿ ಅರ್ಧ ದಿನ ಹುಡುಕಿದೆ. ಒತ್ತಿದ ಗಾಳಿ ಎಂಜಿನ್ನಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ವಾಲ್ವು. ಅದರಿಂದ ಒಂದು ರಬ್ಬರ್ ಪೈಪು ತಿರುಗಿ ಟರ್ಬೋದ ಬಾಯಿಗೇ ಹೋಗಿತ್ತು. ವಾಲ್ವಿನೊಳಗಿನ ರಬ್ಬರ್ ಹರಿದು ಗಾಳಿಯೆಲ್ಲ ಆ ಪೈಪಿನ ಮೂಲಕ ಬಂದ ದಾರಿಗೇ ವಾಪಸು ಹೋಗುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಕಷ್ಟಪಟ್ಟು ತುಂಬಿದ ಗಾಳಿಯನ್ನು ವಾಪಸು ಬಿಡುವುದಕ್ಕೆ ಪೈಪು ಇಟ್ಟವನು ಎಂಥ ಎಂಜಿನಿಯರು!

ಈ ಸಿಟ್ಟು ನನಗೆ ಊರಿನಿಂದ ಬಂದದ್ದು. ನಮ್ಮ ಹೊಲ ಸಿರುಗುಪ್ಪದ ಆಚೆ, ಕಾಲುವೆಯ ಕಟ್ಟಕಡೆಗೆ. ಮೇಲಿನವರು ಬಿಟ್ಟರೆ ನಮಗೆ ನೀರು. ನಮ್ಮ ಹೊಲದ ಮೇಲುಗಡೆ ಕಾಲುವೆಗೆ ಒಂದು ತೂಬು ಇತ್ತು, ಹೆಚ್ಚಾದ ನೀರನ್ನು ಹಳ್ಳಕ್ಕೆ ಬಿಡಲು. ನಮ್ಮ ಬತ್ತ ಒಣಗುವಾಗ ಕಣ್ಣೆದುರೇ ನೀರು ಹಳ್ಳ ಸೇರುವುದನ್ನು ನೋಡಿ ಬೆಳೆದವರು ನಾವು. ಹರಿದುಹೋಗುವುದು ಏನೇ ಕಂಡರೂ ನಮ್ಮ ಕೈ ಮುಚ್ಚಲು ಹೋಗುತ್ತದೆ.

ಆ ವಾಲ್ವು ಬಳ್ಳಾರಿಯಲ್ಲಿ ಇರಲಿ, ಮದ್ರಾಸಿನಲ್ಲೂ ಸಿಗುವಂಥದ್ದಲ್ಲ. ಒಂದು ಜಾಲಿ ಕಟ್ಟಿಗೆ ತಂದೆ, ಹೆಬ್ಬೆರಳ ಗಾತ್ರದ ಬಿರಡೆ ಕೆತ್ತಿದೆ, ಪೈಪಿನೊಳಗೆ ಬಡಿದು ಮೇಲೆ ಕ್ಲಿಪ್ಪು ಬಿಗಿದೆ. ಮಾವ ಹಳೇ ಟೈರಿನ ಮೇಲೆ ಕುಳಿತು ಎಲೆಅಡಿಕೆ ಹಾಕಿಕೊಳ್ಳುತ್ತಾ ನೋಡುತ್ತಿದ್ದ.

"ಡಾಕ್ಟರಿಗೆ ಹೇಳೋಣೇನಲೇ, ಬಿರಡಿ ಹಾಕೀವಿ ಅಂತ?"

"ಗಾಡಿ ಓಡಿದ್ರ ಸಾಕು ಅವರಿಗೆ. ನೀ ಸುಮ್ಕಿರು ಮಾವ."

ಗಾಡಿ ಓಡಿತು. ಓಡಿತು ಏನು, ಹಾರಿತು! ಡಾಕ್ಟರು ನನ್ನ ಬೆನ್ನು ತಟ್ಟಿದರು. ಮಾವ ಊರ ತುಂಬ ಸಾರಿದ.

ಹತ್ತು ದಿನದ ಮೇಲೆ ಮಾವ ಬಂದು "ಅಳಿಯಾ, ಜೋರಾಗಿ ಹೋಗುವಾಗ ಎಕ್ಸಲೇಟರ್ ಮ್ಯಾಲಿಂದ ಕಾಲು ತಗದ್ನೆಪಾ ಅಂದ್ರ ಒಳಗ ಏನೋ ಬಡ್ಕಂತೈತಿ, ಪಾರಿವಾಳ ಹಾರಿದಂಗ" ಎಂದ. ನನ್ನನ್ನು ಕೂರಿಸಿಕೊಂಡು ಹೋಗಿ ತೋರಿಸಿದ. ಕಾಲು ತೆಗೆದೊಡನೆ ಪಟಪಟಪಟ ಎಂದು ರೆಕ್ಕೆ ಬಡಿದ ಸದ್ದು. ಮೈ ಜುಂ ಎಂದಿತು. ಆದರೆ ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ.

"ಟರ್ಬೋ ಅಂದ್ರ ಹಂಗ ಮಾವ. ಫಾರಿನ್ ಗಾಡಿ ಹಾಡ್ತಾವು."

"ಹಾಡ್ತೈತೋ ಅಳ್ತೈತೋ" ಎಂದು ಅವನು ತಲೆ ಆಡಿಸಿದ. ನಾನು ನಕ್ಕುಬಿಟ್ಟೆ.

ಎರಡು ತಿಂಗಳೂ ಆಗಿರಲಿಲ್ಲ. ಒಂದು ಮಂಗಳವಾರ ಮಧ್ಯಾಹ್ನ ಸಿರುಗುಪ್ಪದಿಂದ ಬರುವಾಗ ಕಾರಿನ ಹಿಂದೆ ನೀಲಿ ಹೊಗೆ ಎದ್ದು, ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದ ಸದ್ದಾಗಿ, ಗಾಡಿ ನಿಂತಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ನನ್ನ ಶೆಡ್ಡಿಗೆ ತಂದರು. ಮೇಲಿನ ಪೈಪು ಬಿಚ್ಚಿ ಬೆರಳು ಹಾಕಿದೆ. ಗಾಳಿ ಒತ್ತುವ ಚಕ್ರದ ಎಸಳುಗಳು ಮುಕ್ಕಾಗಿದ್ದವು, ಸರಳು ಗಡಗಡ ಅಲ್ಲಾಡುತ್ತಿತ್ತು.

ಆಗ, ಅಲ್ಲಿ ಬಗ್ಗಿ ನಿಂತಾಗ, ನನಗೆ ನಮ್ಮ ಊರಿನ ಕಾಲುವೆ ನೆನಪಾಯಿತು. ಒಂದು ವರ್ಷ ನಮ್ಮವರೇ ಸೇರಿ ಹಳ್ಳದ ತೂಬಿಗೆ ಮಣ್ಣು ಜಡಿದು ಮುಚ್ಚಿದ್ದರು. ಅದೇ ವಾರ ಜೋರು ಮಳೆ ಬಂತು. ಮೇಲಿನವರಿಗೆ ನೀರು ಬೇಡವಾಗಿ ಎಲ್ಲರೂ ತಮ್ಮ ತಮ್ಮ ತೂಬು ಮುಚ್ಚಿಕೊಂಡರು. ನೀರಿಗೆ ಹೋಗಲು ದಾರಿಯೇ ಇಲ್ಲದೆ ಕಾಲುವೆಯ ಏರಿ ಒಡೆಯಿತು. ಒಡೆದದ್ದು ನಮ್ಮ ಹೊಲದ ಮೇಲೆಯೇ. ಕಾರಿನದೂ ಅದೇ ಕತೆ. ಕಾಲು ತೆಗೆದಾಗ ಎಂಜಿನ್ನಿಗೆ ಗಾಳಿ ಹೋಗುವ ಬಾಗಿಲು ಮುಚ್ಚಿಕೊಳ್ಳುತ್ತದೆ. ಬರುತ್ತಿದ್ದ ಗಾಳಿ ಎಲ್ಲಿಗೆ ಹೋಗಬೇಕು? ಅದಕ್ಕೇ ಆ ಪೈಪು. ಅದನ್ನು ನಾನು ಮುಚ್ಚಿದ್ದೆ. ಗಾಳಿ ತಿರುಗಿ ಬಂದು, ತಿರುಗುತ್ತಿದ್ದ ಚಕ್ರಕ್ಕೇ ಬಡಿದು ಬಡಿದು ಅದನ್ನು ಕೊಂದಿತ್ತು. ಆ ಪಟಪಟ ಸದ್ದು ಅದೇ ಬಡಿತ.

ಡಾಕ್ಟರು ಬೆವರು ಒರೆಸಿಕೊಳ್ಳುತ್ತಾ ಕೇಳಿದರು: "ಮೇಸ್ತ್ರಿ, ಇದು ಯಾಕ ಹಿಂಗಾತು?"

ಮಾವ ಪಕ್ಕದಲ್ಲೇ ನಿಂತಿದ್ದ. ಬಿರಡೆ ಇದ್ದ ಪೈಪು ನನ್ನ ಮೊಣಕೈಗೆ ತಾಗುತ್ತಿತ್ತು. ನಾನು ಹೇಳಿದೆ:

"ಬಿಸಿ ಇದ್ದಾಗ ಆಫ್ ಮಾಡಿದ್ರ ಟರ್ಬೋ ಹಿಂಗ ಆಗ್ತಾವ್ರಿ, ಸರ."

ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬಿಸಿ ಇದ್ದಾಗ ಆಫ್ ಮಾಡಿದರೆ ಟರ್ಬೋ ಕೆಡುತ್ತದೆ, ಯಾರನ್ನು ಬೇಕಾದರೂ ಕೇಳಿ. ಮಾವ ಹಾಗೆ ಮಾಡಿದ ಎಂದು ನಾನು ಹೇಳಲಿಲ್ಲ. ಇಷ್ಟು ವರ್ಷ ನನ್ನ ಮನಸ್ಸು ಈ ವಕೀಲಿಕೆ ಮಾಡುತ್ತಲೇ ಬಂದಿದೆ, ಥೂ!

ಡಾಕ್ಟರು ಮಾವನ ಕಡೆ ತಿರುಗಿದರು. "ನಿನಗ ನೂರು ಸಲ ಹೇಳಿದ್ನೆಲ್ಲಪಾ." ಮಾವ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದ.

"ಅಳಿಯಾ?" ಎಂದ. ಅಷ್ಟೇ.

ನಾನು ಪಾನಾ ಒರೆಸುತ್ತಾ ನಿಂತೆ. ಅವನು ಚಾವಿಯನ್ನು ಡಾಕ್ಟರ ಕೈಗೆ ಕೊಟ್ಟು, ಹೆಗಲ ಟವೆಲು ಝಾಡಿಸಿಕೊಂಡು ನಡೆದುಹೋದ. ಬಿರಡೆ ತೆಗೆದುಹಾಕಲು ನನಗೆ ಸಮಯವೂ ಸಿಗಲಿಲ್ಲ. ಡಾಕ್ಟರು ಅಲ್ಲೇ ನಿಂತು, ಅಂದೇ ಸಂಜೆ ಕಾರನ್ನು ಲಾರಿಗೆ ಹತ್ತಿಸಿ ಬೆಂಗಳೂರಿಗೆ ಕಳಿಸಿದರು.

ಮಾವನ ಕೆಲಸ ಹೋಯಿತು. ಅಷ್ಟೇ ಆಗಿದ್ದರೆ ಬೇರೆ ಕಡೆ ಸೇರುತ್ತಿದ್ದ. "ಫಾರಿನ್ ಗಾಡಿ ಸುಟ್ಟವ" ಎಂದು ಹೆಸರು ಬಿತ್ತು. ಮೂವತ್ತು ವರ್ಷ ಒಂದು ಗೀರು ಬೀಳಿಸದೆ ಗಾಡಿ ಓಡಿಸಿದವನನ್ನು ಯಾರೂ ಬಾಗಿಲೊಳಗೆ ಕರೆಯಲಿಲ್ಲ. ನನ್ನ ಶೆಡ್ಡಿನಲ್ಲೇ ಕುಳಿತು ಜನ ಅದನ್ನು ಮಾತಾಡುತ್ತಿದ್ದರು. ನಾನು ಕೇಳಿಸದವನಂತೆ ನಟ್ಟು ಬಿಗಿಯುತ್ತಿದ್ದೆ.

ಅನ್ನ ಸೇರದಾಯಿತು. ಹೆಂಡತಿಗೆ ಎಲ್ಲ ಹೇಳಿದೆ. ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ "ನಿಮ್ಮ ಬಾಯಿ ಅಷ್ಟು ದೊಡ್ಡದು, ಎದಿ ಇಷ್ಟು ಸಣ್ಣದೇನ್ರಿ? ಹೋಗಿ ಹೇಳ್ರಿ" ಎಂದಳು. ದಿನಾ ಅದನ್ನೇ ಹೇಳಿದಳು. ದಿನಾ ನಾನು ನಾಳೆ ಎಂದೆ. ಮೂರು ತಿಂಗಳು ನಾಳೆ ಎಂದೆ.

ಕೊನೆಗೆ ಒಂದು ಬೆಳಿಗ್ಗೆ ಪಾರ್ವತಿನಗರಕ್ಕೆ ಹೋದೆ. ಡಾಕ್ಟರ ಮುಂದೆ ನಿಂತು, ಬಿರಡೆ ಹಾಕಿದವನು ನಾನು, ಮಾವನದು ಏನೂ ತಪ್ಪಿಲ್ಲ ಎಂದೆ.

ಅವರು ಮೇಜಿನ ಡ್ರಾಯರ್ ಎಳೆದರು. ನನ್ನ ಬಿರಡೆಯನ್ನು ತೆಗೆದು ಮುಂದಿಟ್ಟರು. ಎಣ್ಣೆ ಕುಡಿದು ಕಪ್ಪಾಗಿತ್ತು. ನನ್ನ ಉಳಿಯ ಗುರುತು ಹಾಗೇ ಇತ್ತು.

"ಬೆಂಗಳೂರಿನವರು ಗಾಡಿ ಜೊತಿ ಇದನ್ನೂ ಕಳಿಸಿದ್ರು. ಆಫ್ ಮಾಡಿದ್ದಕ್ಕಲ್ಲ, ಇದಕ್ಕ ಕೆಟ್ಟೈತಿ ಅಂದ್ರು. ನಿಮ್ಮ ಮಾವನ್ನ ಕರೆಸಿ ಕೇಳಿದೆ, ಇದನ್ನ ಹಾಕಿದವರು ಯಾರಪಾ ಅಂತ."

"ಮಾವ ಏನಂದಾನ್ರಿ?"

"ನಾನ ಹಾಕೀನ್ರಿ ಅಂದ. ನಿನಗ ಬರೋ ಕೆಲಸ ಅಲ್ಲ ಇದು, ಸುಳ್ಳು ಹೇಳಬ್ಯಾಡ ಅಂದೆ. 'ಅವನ ಕೈಗೆ ನಾ ಜಾಮೀನು ಆಗೀನಿ ಸಾಹೇಬ್ರ, ಅಂದಮ್ಯಾಲೆ ನಾನ ಹಾಕಿದಂಗ' ಅಂದ, ಎದ್ದು ಹೋದ." ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಮೇಸ್ತ್ರಿ, ನೀವು ಇವತ್ತು ಬರ್ತೀರಿ, ನಾಳೆ ಬರ್ತೀರಿ ಅಂತ ನಾನೂ ಕಾಯ್ತಿದ್ದೆ. ಅವನ್ನ ಕರಕೊಂಡು ಬರ್ರಿ. ಕೆಲಸ ಐತಿ."

ನಾನು ಅಲ್ಲಿಂದಲೇ ಮೋಕದ ಬಸ್ಸು ಹತ್ತಿದೆ. ಮಾವ ಅಲ್ಲಿ ಒಬ್ಬ ರೈತನ ಟ್ರ್ಯಾಕ್ಟರು ಓಡಿಸುತ್ತಿದ್ದಾನೆ ಎಂದು ಕೇಳಿದ್ದೆ. ಊರ ಹೊರಗೆ ಬೇವಿನ ಮರದ ಕೆಳಗೆ ನಿಂತಾಗ ಹೊಲದ ಕಡೆಯಿಂದ ಅವನೇ ಬಂದ. ನೆರಳಿಗೆ ಟ್ರ್ಯಾಕ್ಟರು ತಂದು ನಿಲ್ಲಿಸಿದ. ಆಫ್ ಮಾಡಲಿಲ್ಲ. ಕಣ್ಣು ಮುಚ್ಚಿ, ಹೆಬ್ಬೆರಳನ್ನು ಗೆಣ್ಣಿನಿಂದ ಗೆಣ್ಣಿಗೆ ಸರಿಸುತ್ತಾ ಕುಳಿತ. ಆ ಹಳೇ ಟ್ರ್ಯಾಕ್ಟರಿಗೆ ಯಾವ ಟರ್ಬೋ? ಆದರೂ ಪೂರ್ತಿ ಎಣಿಸಿದ. ನನಗೆ ಅಳು ತಡೆಯಲಾಗಲಿಲ್ಲ.

ಕಣ್ಣು ಬಿಟ್ಟವನು ನನ್ನನ್ನು ನೋಡಿದ. ಇಳಿದು ಬಂದು ಟವೆಲಿನಿಂದ ಕಟ್ಟೆಯ ಧೂಳು ಹೊಡೆದ.

"ಬರ್ರಿ ಮೇಸ್ತ್ರಿ. ಕುಂದರ್ರಿ."

ನಾನು ನಿಂತಲ್ಲೇ ಎಲ್ಲ ಹೇಳಿದೆ. ಡಾಕ್ಟರ ಹತ್ತಿರ ಒಪ್ಪಿಕೊಂಡೆ, ಅವರು ಕರೆಯುತ್ತಿದ್ದಾರೆ, ತಪ್ಪಾಯಿತು, ಬಾ ಮಾವ ಎಂದೆ. ಕಾಲಿಗೆ ಬೀಳಲು ಹೋದರೆ ಹಿಂದೆ ಸರಿದ. ಕೊಡದಲ್ಲಿದ್ದ ನೀರನ್ನು ತಂಬಿಗೆಗೆ ಬಗ್ಗಿಸಿ ತಂದುಕೊಟ್ಟ.

"ಹೇಳಿದ್ರಲ್ಲ, ಒಳ್ಳೇದಾತು. ಡಾಕ್ಟರಿಗೆ ಶರಣು ಹೇಳ್ರಿ. ನಾ ಇಲ್ಲೇ ಬರೋಬರಿ ಅದೀನಿ."

"ನನಗ ಬೈಯಿ ಮಾವ. ಎರಡು ಹೊಡಿ ಬೇಕಾದ್ರ. ಲೇ ಅನ್ನು, ಒಂದು ಸಲ ಲೇ ಅನ್ನು."

ಅವನು ತಂಬಿಗೆಯನ್ನು ವಾಪಸು ಇಸಿದುಕೊಂಡು, ಉಳಿದಿದ್ದ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿದ. ರಸ್ತೆಯ ಕಡೆ ನೋಡಿದ.

"ಬಸ್ ಬರೋ ಹೊತ್ತಾತು" ಎಂದ. "ಹೋಗಿ ಬರ್ರಿ, ಮೇಸ್ತ್ರಿ."