ಎರಡು ಕಿಲೋಮೀಟರ್ ಉದ್ದದ ಹುಳ

ಗಿರಿಜಾಂಬಾ ಮೇಡಂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಾಳೂರಿನ ಏರುದಾರಿಯಲ್ಲಿ ಬಿರುಸಾಗಿ ನಡೆಯುತ್ತಿದ್ದರು. ಹಿಂದೆ ಒಂಬತ್ತನೇ ತರಗತಿಯ ಇಪ್ಪತ್ತೆಂಟು ಮಕ್ಕಳು. ಎಲ್ಲರಿಗಿಂತ ಹಿಂದೆ, ತಲೆ ತಗ್ಗಿಸಿ, ರಂಜಿತಾ.

"ಹುಳದ ಬಾಲ ಇನ್ನೂ ಬಂದಿಲ್ಲ, ನಡೀರಿ!"

ಆಗಿದ್ದು ಇಷ್ಟೆ. ಕಾಫಿ ಹಣ್ಣು ಕೊರೆಯುವ ಹುಳದ ಉದ್ದ ಎರಡು ಮಿಲಿಮೀಟರ್. ಮೀಟರಿಗೆ ಬದಲಿಸು ಎಂದಾಗ ರಂಜಿತಾ ಬೋರ್ಡಿನ ಮೇಲೆ 2 × 10³ ಎಂದು ಬರೆದಿದ್ದಳು. ಘಾತಾಂಕದ ಮೈನಸ್ ಬಿಟ್ಟುಹೋಗಿ, ಹುಳ ಎರಡು ಕಿಲೋಮೀಟರ್ ಬೆಳೆದಿತ್ತು. ಅದೆಷ್ಟು ಉದ್ದ ಎಂದು ನಡೆದೇ ಅಳೆಯಲು ಮೇಡಂ ಇಡೀ ತರಗತಿಯನ್ನು ಹೊರಡಿಸಿದ್ದರು.

"ಮೇಡಂ, ಇದರ ಒಂದು ಹೊತ್ತಿನ ಊಟಕ್ಕೇ ಇಡೀ ಎಸ್ಟೇಟ್ ಬೇಕು," ಎಂದ ಪ್ರಶಾಂತ್.

"ಸುಮ್ನಿರು ಮಾರಾಯ. ಹೋದ ವಾರ ನಿನ್ನ ಪೆನ್ಸಿಲ್ ಕಳಸದವರೆಗೆ ಹೋಗಿತ್ತು," ಎಂದರು ಮೇಡಂ.

ಎಲ್ಲರೂ ನಕ್ಕರು, ಗಣಿತಕ್ಕೆ ಹೆದರಿ ಶಾಲೆಯನ್ನೇ ಬಿಡಲು ಹೊರಟಿದ್ದ ರಂಜಿತಾಳೂ ನಕ್ಕಳು. ಮೇಡಂ ನಿಧಾನಿಸಿ ಅವಳ ಜೊತೆಯಾದರು.

"ಮೀಟರ್ ಅಂದ್ರೆ ನೆಲ, ಸೊನ್ನೆ. ಕಿಲೋ ಮೂರು ಮೆಟ್ಟಿಲು ಮೇಲೆ, ಮಿಲಿ ಮೂರು ಕೆಳಗೆ. ಕಿಲೋದಿಂದ ಮಿಲಿಗೆ ಎಷ್ಟು ಮೆಟ್ಟಿಲು?"

"ಆರು."

"ಹಾಗಾದ್ರೆ ಒಂದು ಕಿಲೋಮೀಟರಿಗೆ ಹತ್ತರ ಘಾತ ಆರು ಮಿಲಿಮೀಟರ್. ಬಂತಲ್ಲ ಮಾರಾಯ್ತಿ!"

ಈ ಘಟ್ಟದ ಶಾಲೆಗಳಲ್ಲಿ ಗಣಿತ ಬೋಧಿಸಿದವರು ಅನೇಕರು. ಅದನ್ನು ಮಕ್ಕಳ ಕಾಲಿಗೂ ಕಲಿಸಿದ ಶ್ರೀಮತಿ ಗಿರಿಜಾಂಬಾ ಅವರಂಥವರು ವಿರಳ. ವಸ್ತಾರೆಯಲ್ಲಿ ಏಳು ವರ್ಷ, ಬಾಳೂರಿನಲ್ಲಿ ಇಪ್ಪತ್ನಾಲ್ಕು ವರ್ಷ ಸೇವೆ ಸಲ್ಲಿಸಿದ ಅವರು, ಫೇಲಾದವರನ್ನು ಭಾನುವಾರ ತಮ್ಮ ಮನೆಗೆ ಕರೆಸಿ ಕಡುಬು ತಿನ್ನಿಸಿ ಲೆಕ್ಕ ಮಾಡಿಸಿದರು; ಮುಂದೆ ರಂಜಿತಾಳ ಬಿ.ಎಡ್. ಅರ್ಜಿಯ ಕೊನೆಯ ದಿನ, ಬಸ್ಸಿಲ್ಲದಾಗ, ಜೀಪಿನಲ್ಲಿ ಇಕ್ಕಟ್ಟಾಗಿ ಕೂತು ತಾವೇ ಚಿಕ್ಕಮಗಳೂರಿಗೆ ಹೋಗಿ ಕೊಟ್ಟುಬಂದರು. ಅವರು ನೂರು ವರ್ಷ ಬಾಳಲಿ, ಭಾನುವಾರದ ಆ ಪಾಠ ನಡೆಯುತ್ತಲೇ ಇರಲಿ ಎಂದು ಹಾರೈಸದ ಮನೆ ಬಾಳೂರಿನಲ್ಲಿಲ್ಲ.

ನಿವೃತ್ತರಾಗುತ್ತಿರುವ ಅವರ ಜಾಗಕ್ಕೆ ಈಗ ಅತಿಥಿ ಶಿಕ್ಷಕಿಯಾಗಿ ಬಂದಿರುವವಳು ರಂಜಿತಾ. ಬೀಳ್ಕೊಡುಗೆಯ ಸಂಜೆ, ಹಾರ ತುರಾಯಿ ಎಲ್ಲ ಮುಗಿದ ಮೇಲೆ, ಅವಳು ಮೇಡಂ ಹತ್ತಿರ ಬಂದು ನಿಂತಳು.

"ಸೋಮವಾರ ಒಂಬತ್ತನೇ ತರಗತಿಗೆ ಘಾತಾಂಕದ ಪಾಠ. ತಪ್ಪು ಹೇಳಿಕೊಟ್ರೆ ಮಕ್ಕಳ ಗತಿ? ಆ ಪಿರಿಯಡ್ ನಿಮಗೇ ಬಿಟ್ಟುಕೊಡ್ತೀನಿ, ನೀವೇ ಬಂದು ಮಾಡಿ ಮೇಡಂ."

ಮೇಡಂ ಮುಖ ಒಂದು ಗಳಿಗೆ ಅರಳಿತು. ಒಂಬತ್ತನೇ ತರಗತಿಯ ಬಾಗಿಲ ಕಡೆ ನೋಡಿದರು. ಆಮೇಲೆ ರಂಜಿತಾಳನ್ನು ನೋಡಿದರು.

"ನಾನು ಬರೋದಿಲ್ಲ," ಎಂದರು. "ಪಾಠ ನಿನ್ನದು. ತಪ್ಪಾದ್ರೆ ಮಕ್ಕಳ ಜೊತೆ ನೀನೇ ನಡೆದು ಅಳೆ, ಮಾರಾಯ್ತಿ."