ಮ್ಯೂಟ್ ಬಟನ್ ಇಲ್ಲದ ಕ್ಲಾಸು

ಮದುವೆಯ ಗಡಿಬಿಡಿಯಲ್ಲಿ ಅರ್ಧಕ್ಕೆ ಬಿಟ್ಟಿದ್ದ ಇಂಗ್ಲಿಷ್ ಎಂ.ಎ.ಗೆ ಎಪ್ಪತ್ತು ದಾಟಿದ ಮೇಲೆ ಮತ್ತೆ ಸೇರಿದೆ. ದೂರಶಿಕ್ಷಣ. ಸಂಜೆಗಳಲ್ಲಿ ಆನ್‌ಲೈನ್ ಕ್ಲಾಸು, ತಿಂಗಳಿಗೊಂದು ಭಾನುವಾರ ಕೊಳ್ಳೇಗಾಲದಲ್ಲಿ ಕಾಂಟ್ಯಾಕ್ಟ್ ಕ್ಲಾಸು. ಯಳಂದೂರಿನ ಮನೆಯಲ್ಲಿ ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ, ಇಸ್ತ್ರಿ ಸೀರೆ ಉಟ್ಟು ಕೂರುತ್ತಿದ್ದೆ. ಕಾನ್ವೆಂಟಿನ ಹ್ಯಾಬಿಟ್, ಅನ್‌ಟೈಡಿಯಾಗಿ ಹೋದವರನ್ನು ಸಿಸ್ಟರ್ ವರಾಂಡದಲ್ಲೇ ನಿಲ್ಲಿಸುತ್ತಿದ್ದರು. ಆ ವರಾಂಡ ಈಗಲೂ ಕನಸಿಗೆ ಬರುತ್ತದೆ.

ಪಾಠ ಮಾಡುತ್ತಿದ್ದ ಮೇಷ್ಟ್ರಿಗೆ ಮೂವತ್ತರ ಆಸುಪಾಸು. ಪರದೆಯ ಮೇಲೆ ಏನು ಫ್ಲೋ! ಒಂದು ದಿನ ನಾಟಕದ ಪಾಠದಲ್ಲಿ ಕೇಳಿದೆ:

"ಸರ್, ರಾಣಿಗೆ ಎಲ್ಲಾ ಗೊತ್ತಿದ್ದೂ ಕೊನೇವರೆಗೂ ಯಾಕೆ ಬಾಯಿ ಬಿಡಲ್ಲ?"

"ರಾಮಾ ಕೃಷ್ಣಾ ಅಂತ ಇರೋದು ಬಿಟ್ಟು, ಈ ವಯಸ್ಸಲ್ಲಿ ನಿಮಗ್ಯಾಕಜ್ಜಿ ರಾಣಿ ಸುದ್ದಿ?" ಎಂದು ನನ್ನನ್ನು ಮ್ಯೂಟ್ ಮಾಡಿದರು. ಚಾಟಿನಲ್ಲಿ ನಗುವ ಮುಖಗಳು ಸಾಲುಗಟ್ಟಿದವು. ನಾನು ಮಾತಾಡುತ್ತಲೇ ಇದ್ದೆ, ಯಾರಿಗೂ ಕೇಳಲಿಲ್ಲ. ಈ ಅವಮಾನವನ್ನು ಹಿಂದಿರುಗಿಸದೆ ಬಿಡಬಾರದು ಎಂದುಕೊಂಡೆ.

ಆಮೇಲೆ ಪಾಠ ಬಿಟ್ಟು ಅವರ ಕಣ್ಣುಗಳನ್ನೇ ನೋಡತೊಡಗಿದೆ. ಎಡದಿಂದ ಬಲಕ್ಕೆ, ಮತ್ತೆ ಎಡಕ್ಕೆ. ಎಲ್ಲಿಂದಲೋ ಓದುತ್ತಿದ್ದರು! ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹತ್ತಿರದ ಪುಸ್ತಕದಂಗಡಿಯಲ್ಲಿ ಗೈಡುಗಳನ್ನು ತಿರುವಿ ಹಾಕಿದೆ. ಮೂರನೆಯದರಲ್ಲಿ ಅವರ ಪಾಠ ಪೂರ್ತಿ ಸಿಕ್ಕಿತು, ಜೋಕುಗಳ ಸಮೇತ.

ಭಾನುವಾರ ಮೊದಲ ಬೆಂಚಿನಲ್ಲಿ ಬಂಡಳ್ಳಿಯ ಹುಡುಗಿಯೊಬ್ಬಳ ಪಕ್ಕ ಕೂತೆ. ಮೇಷ್ಟ್ರು ಟೆಕ್ಸ್ಟ್ ಬುಕ್ಕಿನೊಳಗೆ ಗೈಡ್ ಇಟ್ಟುಕೊಂಡು ಶುರು ಮಾಡಿದರು. ಅವರು ಅರ್ಧ ವಾಕ್ಯ ಹೇಳುತ್ತಲೇ ಮಿಕ್ಕರ್ಧವನ್ನು ನನ್ನ ಗೈಡಿನಿಂದ ನಿಧಾನವಾಗಿ, ಕ್ಲಿಯರಾಗಿ ಓದಿದೆ. ಒಂದು ಸಲವಲ್ಲ, ಮೂರು ಸಲ.

ಹುಡುಗಿ ಇಣುಕಿದಳು. "ಅಯ್ಯೋ, ಅವ್ರ್ದೂ ನಿಮ್ದೂ ಒಂದೇ ಬುಕ್ಕಾ ಅಜ್ಜಿ?"

"ಸುಮ್ನಿರವ್ವ, ಈಗ ಜೋಕ್ ಬತ್ತದೆ."

ಇಡೀ ಕ್ಲಾಸು ನಕ್ಕಿತು. ಈ ಸಲ ನನ್ನನ್ನು ನೋಡಿ ಅಲ್ಲ.

ಮೇಷ್ಟ್ರು ಪುಸ್ತಕ ಮುಚ್ಚಿದರು. ನಾನು ಮಂಡಿ ಹಿಡಿದುಕೊಂಡು ಎದ್ದು ನಿಂತು, ರಾಣಿಯ ಅದೇ ಪ್ರಶ್ನೆ ಕೇಳಿದೆ. ಅವರ ಬೆರಳುಗಳು ಖಾಲಿ ಮೇಜಿನ ಮೇಲೆ ಏನನ್ನೋ ತಡಕಿದವು.

"ಗೊತ್ತಿಲ್ಲ ಮೇಡಂ," ಎಂದರು, ಸಣ್ಣ ದನಿಯಲ್ಲಿ. ಅಷ್ಟಕ್ಕೇ ಬಿಡಬಹುದಿತ್ತು. ನಾನು ಬಿಡಲಿಲ್ಲ.

"ಹಿಂದಿನ ಬೆಂಚಿಗೆ ಕೇಳಿಸ್ಲಿಲ್ಲ ಸರ್. ಒಂಚೂರು ಜೋರಾಗಿ."