ಬಾಸಿಂಗ ಕಟ್ಟಿದ ಕಲ್ಲು

ಗೋಡೆ ಕಟ್ಟುವ ನಮ್ಮ ಗೌಂಡಿಗಳ ಬಾಯಲ್ಲಿ ಕಲ್ಲಿಗೂ ನೆಂಟಸ್ತನವಿತ್ತು. ಸಿಮೆಂಟಿನ ಹೆಸರನ್ನಷ್ಟೇ ಕೇಳಿದ್ದ ಕಾಲ ಅದು. ಒಂದೂವರೆ ಮೊಳ ದಪ್ಪದ ಗೋಡೆಯೆಂದರೆ ಹೊರಮುಖಕ್ಕೆ ಕಲ್ಲು, ಒಳಮುಖಕ್ಕೆ ಕಲ್ಲು, ನಡುವೆ ಚೂರುಗಲ್ಲು, ಮಣ್ಣು. ಈ ಎರಡು ಮುಖ ಒಂದನ್ನೊಂದು ಬಿಟ್ಟು ಸರಿಯದಂತೆ ಅಲ್ಲಲ್ಲಿ ಒಂದು ಉದ್ದನೆಯ ಕಲ್ಲನ್ನು ಆಚೆಯಿಂದ ಈಚೆಯವರೆಗೆ ಅಡ್ಡ ಕೂಡಿಸಬೇಕು. ಅದಕ್ಕೆ ನಾವು ‘ಅಳಿಯ’ ಎನ್ನುತ್ತಿದ್ದೆವು. ಎರಡೂ ಮನೆಗೆ ಮೈಚಾಚಿ ಮಲಗುವವನು ಅವನೊಬ್ಬನೇ ತಾನೆ. ಅಳಿಯ ಇಲ್ಲದ ಗೋಡೆಗೆ ‘ಹೊಟ್ಟೆ ಬರುತ್ತದೆ’, ಉಬ್ಬಿ ಒಂದು ದಿನ ಬೀಳುತ್ತದೆ. ಅಳಿಯ ಕೂತ ಮೇಲೆ ಅವನ ಎರಡೂ ತುದಿಗೆ ಉಳಿಯಿಂದ ಗುರುತು ಹೊಡೆಯಬೇಕು. ಮದುಮಗನ ಹಣೆಗೆ ಕಟ್ಟುವಂತೆ, ಅದು ‘ಬಾಸಿಂಗ’. ಬಾಸಿಂಗ ಕಂಡಲ್ಲಿ ಒಳಗೆ ಅಳಿಯ ಇದ್ದಾನೆಂದೇ ಲೆಕ್ಕ, ಯಾರೂ ಮತ್ತೇನೂ ಕೇಳುತ್ತಿರಲಿಲ್ಲ.

ಕುಲಗೋಡದ ಒಬ್ಬ ರೈತನ ಮನೆ ಕಟ್ಟುವಾಗ ನನಗೆ ಮೊದಲ ಸಲ ಮೂಲೆ ಸಿಕ್ಕಿತು. ಮೂಲೆ ಸಿಗುವುದೆಂದರೆ ಸಣ್ಣ ಮಾತಲ್ಲ. ಮೂಲೆಯವನು ಎತ್ತಿದಷ್ಟಕ್ಕೆ ದಾರ ಕಟ್ಟಿ ಉಳಿದವರು ನಡುವೆ ತುಂಬುತ್ತಾರೆ. ಆರು ವರ್ಷ ಹಾಗೆ ತುಂಬಿಕೊಂಡೇ ಬಂದಿದ್ದ ನನಗೆ ಮೂಲೆ ಸಿಕ್ಕ ಮೇಲೆ ನೆಲವೇ ಕಾಣಲಿಲ್ಲ.

ಒಂದು ಸಂಜೆ ಮೂಲೆಯ ಪಕ್ಕಕ್ಕೆ ಅಳಿಯನನ್ನು ಕೂಡಿಸಬೇಕಿತ್ತು. ಮರುದಿನ ಗೋಕಾಕದಲ್ಲಿ ಬಸುರಿ ಹೆಂಡತಿಯ ಕುಬಸ, ಅಂದರೆ ಸೀಮಂತ. ಮನಸ್ಸು ಆಗಲೇ ಊರು ಸೇರಿತ್ತು. ಅವಸರದಲ್ಲಿ ಹೊಡೆದ ಏಟಿಗೆ ಉದ್ದನೆಯ ಕಲ್ಲು ನಡುವೆಯೇ ಎರಡಾಯಿತು. ಇನ್ನೊಂದನ್ನು ಹುಡುಕಿ ಕೆತ್ತುವಷ್ಟು ತಾಳ್ಮೆ ಇರಲಿಲ್ಲ. ಒಂದು ತುಂಡನ್ನು ಹೊರಗಿನಿಂದ, ಇನ್ನೊಂದನ್ನು ಒಳಗಿನಿಂದ ಇಟ್ಟು, ನಡುವೆ ಚೂರುಗಲ್ಲು ತುರುಕಿ, ಎರಡಕ್ಕೂ ಬಾಸಿಂಗ ಕಟ್ಟಿಬಿಟ್ಟೆ. ನಾಚಿಕೆಗೇಡಿ ಕೆಲಸ. ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಎರಡು ದಿನ ಬಿಟ್ಟು ಬಂದಾಗ ನನ್ನ ಮೂಲೆ ಮೂರು ವರಸೆ ಮೇಲೇರಿತ್ತು. ನಮ್ಮ ಹಿರಿಯ ಗೌಂಡಿಯೇ ಕಟ್ಟಿದ್ದರಂತೆ. ಅವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಕುಬಸದ ಊಟ ಹೇಗಿತ್ತೆಂದು ಕೇಳಿದರು, ಅಷ್ಟೇ. ಮನೆಯ ಮೇಲೆ ಮಣ್ಣಿನ ಮಾಳಿಗೆಯ ಚಾವಣಿ ಕೂತಿತು. ಒಳಗೋಡೆಗೆ ಮಣ್ಣು ಮೆತ್ತುವುದನ್ನು ಸುಗ್ಗಿ ಆದ ಮೇಲೆ ನೋಡೋಣವೆಂದು ರೈತ ಬಿಟ್ಟ.

ಮಳೆಗಾಲದಲ್ಲಿ ನಾವು ಕಲ್ಲೋಳಿಯಲ್ಲಿ ಬೇರೆ ಕೆಲಸ ಹಿಡಿದಿದ್ದೆವು. ಮೂರು ದಿನ ಮಳೆ ಬಿಡದೆ ಹೊಯ್ಯಿತು. ನೀರು ಕುಡಿದ ಮಾಳಿಗೆ ಎಷ್ಟು ಭಾರವೆಂದು ನನಗೆ ಯಾರೂ ಹೇಳಬೇಕಿರಲಿಲ್ಲ. ಆ ಮೂಲೆಯ ಕೋಣೆಯಲ್ಲೇ ರೈತನ ಬಾಣಂತಿ ಮಗಳು ಮಲಗುತ್ತಿದ್ದಳು. ಕೂಸಿನ ತೊಟ್ಟಿಲು ಕಟ್ಟಿದ್ದು ನನ್ನ ಗೋಡೆಯ ಮೇಲೆ ಕೂತ ತೊಲೆಗೆ. ನಾಲ್ಕನೆಯ ದಿನ ಚಕ್ಕಡಿಯವನೊಬ್ಬ ಬಂದು, ಕುಲಗೋಡದಲ್ಲಿ ಒಂದು ಗೋಡೆ ಬಿತ್ತಂತೆ ಎಂದ. ಯಾರದೆಂದು ಅವನಿಗೆ ತಿಳಿಯದು. ನಾನು ಮಣ್ಣು ಮೆತ್ತುವ ಥಾಪಿ ಅಲ್ಲೇ ಒಗೆದು ಕಾಕಾ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. ಕೈ ತೊಳೆದು, ಸುತ್ತಿಗೆ ಉಳಿ ಚೀಲಕ್ಕೆ ಹಾಕಿ, ನಡಿ ಎಂದರು. ಎರೆಮಣ್ಣಿನ ಆ ದಾರಿಯುದ್ದಕ್ಕೂ ಕೆಸರು ತುಳಿಯುತ್ತ ಅವರ ಹಿಂದೆ ನಡೆದೆ. ನಾಲ್ಕು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನನಗಂತೂ ಆ ತೊಟ್ಟಿಲು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಬಿದ್ದದ್ದು ಊರ ಅಗಸೆ ಬಾಗಿಲ ಬಳಿಯ ಹಳೇ ದನದ ಕೊಟ್ಟಿಗೆ. ದನಗಳು ಮೊದಲೇ ಹೊರಬಿದ್ದಿದ್ದವು. ರೈತನ ಮನೆ ನಿಂತೇ ಇತ್ತು. ಆದರೆ ಇವತ್ತು ನಿಂತದ್ದು ನಾಳೆಯೂ ನಿಲ್ಲಬೇಕಲ್ಲ. ಕಾಕಾ ನನ್ನನ್ನು ಕೋಣೆಯೊಳಗೆ ಕಳಿಸಿ ಬಾಸಿಂಗದ ಮೇಲೆ ಅಂಗೈ ಇಡಲು ಹೇಳಿದರು. ತಾವು ಹೊರಗಿನ ಬಾಸಿಂಗದ ಮೇಲೆ ಸುತ್ತಿಗೆಯಿಂದ ಬಡಿದರು. ಸದ್ದು ಕೇಳಿತು, ಅಂಗೈಗೆ ಏನೂ ಬರಲಿಲ್ಲ.

“ಈಗ ಅದರ ಮ್ಯಾಲಿನ ಕಲ್ಲಿಗೆ ಕೈ ಹಚ್ಚು” ಎಂದರು ಹೊರಗಿನಿಂದ.

ಅದಕ್ಕೆ ಬಾಸಿಂಗವಿರಲಿಲ್ಲ. ಕೈಯಿಟ್ಟೆ. ಏಟು ನೇರ ಬಂದು ಅಂಗೈಗೆ ಬಡಿದು ಮೊಣಕೈವರೆಗೆ ಏರಿತು. ಆಚೆಯಿಂದ ಈಚೆಗೆ ಒಂದೇ ಕಲ್ಲು.

ಕಾಕಾ ಬಾಗಿಲಿಗೆ ಬಂದರು. “ನೀ ಕುಬಸಕ್ಕ ಹೋದ ಮುಂಜಾನೇನ ಬಡದ ನೋಡಿದ್ನಿ. ಅದರ ಮ್ಯಾಲ ಖರೇ ಅಳ್ಯಾನ್ನ ಕುಂಡ್ರಿಸಿದ್ನಿ. ನೀನಾಗಿ ಹೇಳಲಿ ಅಂತ ಬಾಸಿಂಗ ಕಟ್ಟಿರಲಿಲ್ಲ, ತಮ್ಮಾ.”

ಹೋದ ಜೀವ ಬಂದಂತಾಯಿತು. ಅಲ್ಲೇ ಗೋಡೆಗೆ ಒರಗಿ ಕೂತೆ. ಅತ್ತೆನೆಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಏನಾಯಿತೆಂದು ಬಾಣಂತಿ ಗಾಬರಿಯಾಗಿ ಕೇಳಿದಾಗ ಕಾಕಾ, ಇವನಿಗೆ ಹಸಿವೆಯಾಗಿದೆ, ಎರಡು ರೊಟ್ಟಿ ಇದ್ದರೆ ತರಲು ಹೇಳವ್ವಾ ಎಂದರು. ನಿಜಕ್ಕೂ ನಾಲ್ಕು ದಿನದ ಮೇಲೆ ಹಸಿವೆಯಾಗಿತ್ತು.

ತಿಂದಾದ ಮೇಲೆ ಉಳಿಯನ್ನು ನನ್ನ ಕೈಗಿತ್ತರು. ಸುಳ್ಳು ಗುರುತುಗಳನ್ನು ಒಳಗೂ ಹೊರಗೂ ಕೆತ್ತಿ ತೆಗೆದೆ. ಮೇಲಿನ ಕಲ್ಲಿಗೆ ನನ್ನ ಕೈಯಾರೆ ಬಾಸಿಂಗ ಕಟ್ಟಿದೆ. ತೊಟ್ಟಿಲು ಪಕ್ಕದಲ್ಲೇ ಇತ್ತು, ಮೆಲ್ಲಗೆ ಬಡಿದೆ. ಕೂಸು ಏಳಲಿಲ್ಲ.